ಸೆಗಾ–ನಿಂಟೆಂಡೊ ಪೈಪೋಟಿ: ದೇಶಕ್ಕೊಂದು ಫಲಿತಾಂಶ

ಕನ್ಸೋಲ್ ಒಂದೇ ಆದರೂ ಅದರ ಹಣೆಬರಹ ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಸೆಗಾ ಕಂಪನಿಯ ಮೆಗಾ ಡ್ರೈವ್ ಇದಕ್ಕೆ ಉದಾಹರಣೆ. 1988ರಲ್ಲಿ ತವರು ಜಪಾನ್‌ನಲ್ಲಿ ಬಿಡುಗಡೆಯಾದ ಇದು ಅಲ್ಲಿ ಮಾರಾಟವಾಗಿದ್ದು ಸುಮಾರು 36 ಲಕ್ಷ ಮಾತ್ರ. ಎರಡು ವರ್ಷ ತಡವಾಗಿ ಬಂದ ನಿಂಟೆಂಡೊದ ಸೂಪರ್ ಫ್ಯಾಮಿಕಾಮ್ 1.7 ಕೋಟಿ ದಾಟಿತು.

ಅಮೆರಿಕದಲ್ಲಿ ಕಥೆಯೇ ಬೇರೆ. ಅಲ್ಲಿ ‘ಜೆನೆಸಿಸ್’ ಎಂದು ಕರೆಯಲಾದ ಇದೇ ಕನ್ಸೋಲ್‌ನ ಬೆಲೆಯನ್ನು 1991ರಲ್ಲಿ 149 ಡಾಲರ್‌ಗೆ ಇಳಿಸಿ, ‘ಸೋನಿಕ್’ ಗೇಮ್ ಅನ್ನೂ ಜೊತೆಗೆ ಕೊಡಲಾಯಿತು. ನಿಂಟೆಂಡೊದ ಹೊಸ ಕನ್ಸೋಲ್‌ಗೆ 199 ಡಾಲರ್ ಇತ್ತು. ಹಲವು ವರ್ಷ ಸಮಬಲದ ಪೈಪೋಟಿ ನಡೆಯಿತು.

ಆಮದು ಸುಂಕ ದುಬಾರಿಯಾಗಿದ್ದ ಬ್ರೆಜಿಲ್‌ನಲ್ಲಿ ಟೆಕ್‌ಟಾಯ್ ಕಂಪನಿ ಸೆಗಾ ಕನ್ಸೋಲ್‌ಗಳನ್ನು ಸ್ಥಳೀಯವಾಗಿ ತಯಾರಿಸಿ ಮಾರುಕಟ್ಟೆ ಹಿಡಿಯಿತು.

ಜಾಗತಿಕವಾಗಿ 4.91 ಕೋಟಿ ಮಾರಿ ಗೆದ್ದಿದ್ದು ನಿಂಟೆಂಡೊ. ಆದರೆ ಬೆಲೆ, ಗೇಮ್, ಸುಂಕ ಎಲ್ಲಿ ಹೇಗೆ ಕೆಲಸ ಮಾಡಿದವು ಎಂಬುದು ಗೊತ್ತಾಗುವುದು ದೇಶವಾರು ಲೆಕ್ಕದಲ್ಲೇ.