ಪಟ್ಟಣಗಳ ವಿಸ್ತರಣವೂ ನೆರೆಹಳ್ಳಿಗಳ ನೆಲವೂ

ಪಟ್ಟಣವೊಂದು ಬೆಳೆಯಿತೆಂದರೆ ಅದರ ಸುತ್ತಣ ಯಾವುದೋ ಹಳ್ಳಿಯು ತನ್ನ ಹೊಲವನ್ನೂ ಕೆರೆಯನ್ನೂ ಬಿಟ್ಟುಕೊಟ್ಟಿತೆಂದೇ ಅರ್ಥ. ಬೆಳೆದ ಪಟ್ಟಣದ ಚರಿತ್ರೆಯನ್ನು ಬರೆದವರು ಬಹುಮಂದಿ. ಬಿಟ್ಟುಕೊಟ್ಟ ಹಳ್ಳಿಯ ಚರಿತ್ರೆಯನ್ನು ಬರೆದವರು ವಿರಳ. ಬೆಂಗಳೂರಿನ ನೈರುತ್ಯಕ್ಕೆ ಬಿಡದಿಯ ಬಳಿ ಹೊಸ ನಗರವೊಂದನ್ನು ಕಟ್ಟುವ ಯೋಜನೆಯು 2025ರಲ್ಲಿ ಮತ್ತೆ ತಲೆಯೆತ್ತಿ, ಅಲ್ಲಿಯ ರೈತರು ಧರಣಿ ಕುಳಿತ ಕಾರಣದಿಂದ, ಈ ವಿಷಯವನ್ನು ಕುರಿತು ಕೊಂಚ ವಿಚಾರ ಮಾಡುವುದು ಅಪ್ರಕೃತವಾಗಲಾರದು. ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯ ವಾಚಕರು ಇದನ್ನು ದೂರದ ಸುದ್ದಿಯೆಂದು ಭಾವಿಸಬೇಕಾಗಿಲ್ಲ. ಬಿಡದಿಯ ನೀರು ವೃಷಭಾವತಿಯ ಮೂಲಕ ಅರ್ಕಾವತಿಗಿಳಿದು, ಹನೂರು ತಾಲ್ಲೂಕಿನ ಎದುರುದಡದ ಸಂಗಮದಲ್ಲಿಯೇ ಕಾವೇರಿಯನ್ನು ಕೂಡುವುದಷ್ಟೆ.

ನಮ್ಮ ಪೂರ್ವಿಕರು ಇಂತಹ ವಿಷಯಗಳನ್ನು ಆಲೋಚಿಸಿಯೇ ಇರಲಿಲ್ಲವೆಂದು ಹೇಳುವಂತಿಲ್ಲ. ಪಂಡಿತ ಆರ್. ಶಾಮಶಾಸ್ತ್ರಿಗಳು ಮೈಸೂರಿನ ಪ್ರಾಚ್ಯಪುಸ್ತಕಭಂಡಾರದ ಓಲೆಗರಿಗಳಿಂದ 1909ರಲ್ಲಿ ಅಚ್ಚುಹಾಕಿಸಿದ ಕೌಟಲೀಯ ಅರ್ಥಶಾಸ್ತ್ರದ ಮೂರನೆಯ ಅಧಿಕರಣವನ್ನು ತೆರೆದು ನೋಡಬಹುದು. ಅಲ್ಲಿ ವಾಸ್ತು ಎಂಬ ಶಬ್ದಕ್ಕೆ ಮನೆಯೊಂದೇ ಅರ್ಥವಲ್ಲ. ಹೊಲ, ತೋಟ, ಕಟ್ಟೆ, ಕೆರೆಗಳೆಲ್ಲವೂ ವಾಸ್ತುವೇ. ಇಂತಹ ವಾಸ್ತುವನ್ನು ಮಾರಬೇಕಾದರೆ ಮೊದಲು ಜ್ಞಾತಿಗಳು, ಅನಂತರ ನೆರೆಯವರು, ಅವರ ಬಳಿಕ ಸಾಲಕೊಟ್ಟ ಧನಿಕರು ಕೊಳ್ಳಲು ಅರ್ಹರು. ಅಷ್ಟೇ ಅಲ್ಲದೆ, ನೆರೆಹೊರೆಯ ನಾಲ್ವತ್ತು ಕುಲಗಳ ಸಮಕ್ಷಮದಲ್ಲಿ, ಆ ಆಸ್ತಿಯ ಮುಂದೆಯೇ ನಿಂತು, ಅದರ ಎಲ್ಲೆಯನ್ನೂ ಬೆಲೆಯನ್ನೂ ಸಾರತಕ್ಕದ್ದು; ಮೂರು ಸಲ ಸಾರಿದ ಮೇಲೂ ಯಾರೂ ಅಡ್ಡಿಮಾಡದಿದ್ದರೆ ಮಾತ್ರ ಮಾರಾಟವು ಸಿಂಧುವಾಗುವುದು. ಹೊಸದಾಗಿ ಕೆರೆ ಕಟ್ಟಿಸಿದವನಿಗೆ ಐದು ವರ್ಷ, ಒಡೆದ ಕೆರೆಯನ್ನು ಸರಿಪಡಿಸಿದವನಿಗೆ ನಾಲ್ಕು ವರ್ಷ ತೆರಿಗೆಯ ಮಾಫಿಯೂ ಉಂಟು. ಶಾಸ್ತ್ರದಲ್ಲಿದ್ದುದೆಲ್ಲವೂ ಲೋಕದಲ್ಲಿ ನಡೆಯುತ್ತಿತ್ತೆಂದು ನಾನು ಸಾಧಿಸಹೊರಟಿಲ್ಲ. ಆದರೂ ನೆಲದ ಕೈಬದಲಾವಣೆಯು ಕೊಡುವವನ ಮತ್ತು ಕೊಳ್ಳುವವನ ನಡುವಣ ವ್ಯವಹಾರ ಮಾತ್ರವಲ್ಲ, ನೆರೆಯವರಿಗೂ ಅದರಲ್ಲಿ ಮಾತುಂಟು ಎಂಬ ಭಾವನೆ ನಮ್ಮಲ್ಲಿ ಹೊಸದಲ್ಲವೆಂಬುದಿಷ್ಟು ಸ್ಪಷ್ಟ.

ಇನ್ನು ಬೆಂಗಳೂರಿನ ವಿಚಾರ. ಕೆಂಪೇಗೌಡರು 1537ರಲ್ಲಿ ಕಟ್ಟಿದ ಪೇಟೆಯು ಕೆರೆಗಳ ನಡುವಣ ಪೇಟೆ. 1809ರಲ್ಲಿ ಅದರ ಈಶಾನ್ಯಕ್ಕೆ ಆಂಗ್ಲರ ದಂಡು ಬಂದು ನೆಲಸಿತು. 1898ರ ಆಗಸ್ಟ್ ತಿಂಗಳಲ್ಲಿ ಪ್ಲೇಗು ಕಾಲಿಟ್ಟಾಗ ಇಕ್ಕಟ್ಟಾದ ಪೇಟೆಯ ಬೀದಿಗಳಲ್ಲಿ ಜನರು ಸಾಯಹತ್ತಿದರು. ಆಗ ಸರ್ಕಾರದವರು ಉತ್ತರಕ್ಕೆ ಮಲ್ಲೇಶ್ವರವನ್ನೂ ದಕ್ಷಿಣಕ್ಕೆ ಬಸವನಗುಡಿಯನ್ನೂ ನೇರವಾದ ಅಗಲ ಬೀದಿಗಳಿಂದ ಕೂಡಿದ ಬಡಾವಣೆಗಳನ್ನಾಗಿ ನಿರ್ಮಿಸಿದರು. ಇದು ಆಗಬೇಕಾಗಿದ್ದ ಕಾರ್ಯವೇ ಸರಿ. ಗಾಳಿ ಬೆಳಕುಗಳಿಲ್ಲದ ಮನೆಯಲ್ಲಿ ಮಕ್ಕಳನ್ನು ಕಳೆದುಕೊಂಡ ತಾಯಿಗೆ ಊರು ಬೆಳೆಯಬಾರದೆಂದು ಉಪದೇಶಿಸುವುದು ಅವಿವೇಕ. ಆದರೆ ಬಸವನಗುಡಿಯಾದ ನೆಲವು ಮೊದಲು ಸುಂಕೇನಹಳ್ಳಿ, ಮಾವಳ್ಳಿ ಮುಂತಾದ ಹಳ್ಳಿಗಳ ಕಡಲೆಕಾಯಿಯ ಹೊಲ. ಕಾರ್ತಿಕದ ಕಡೆಯ ಸೋಮವಾರ ದೊಡ್ಡ ಬಸವಣ್ಣನ ಮುಂದೆ ಕಡಲೆಕಾಯಿ ಪರಿಷೆಯು ಈಗಲೂ ವೈಭವದಿಂದ ನಡೆಯುತ್ತದೆ. ಕಾಯಿ ಮಾತ್ರ ದೂರದ ಸೀಮೆಗಳಿಂದ ಲಾರಿಯಲ್ಲಿ ಬರುತ್ತದೆ.

ಸಂಪಂಗಿ ಕೆರೆಯ ವೃತ್ತಾಂತವು ಇದಕ್ಕಿಂತಲೂ ಹೆಚ್ಚು ವಿಚಾರಾರ್ಹವಾದುದು. ಪೇಟೆಗೂ ದಂಡಿಗೂ ನಡುವೆ ಇದ್ದ ಈ ಕೆರೆಯನ್ನು ನಂಬಿ ತಿಗಳ ಸಮುದಾಯದ ತೋಟಗಾರರು, ಎಂದರೆ ವಹ್ನಿಕುಲ ಕ್ಷತ್ರಿಯರು, ಸೊಪ್ಪು ತರಕಾರಿಗಳನ್ನು ಬೆಳೆದು ಪಟ್ಟಣಕ್ಕೆ ಉಣಿಸುತ್ತಿದ್ದರು. ದನ ಮೇಯಿಸುವವರು, ಇಟ್ಟಿಗೆ ಕೊಯ್ಯುವವರು, ಬಟ್ಟೆ ಒಗೆಯುವವರು ಎಲ್ಲರಿಗೂ ಕೆರೆಯಂಗಳದಲ್ಲಿ ಪಾಲಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಿಂದ ಕೆರೆಯನ್ನು ಕುರಿತು ಅರ್ಜಿಗಳ ಜಗಳ ಮೊದಲಾಯಿತು. ತೋಟಗಾರರು ನೀರು ನಿಲ್ಲಬೇಕೆಂದರು. ದಂಡಿನ ದೊರೆಗಳು ಕುದುರೆಯೇರಿ ಪೋಲೋ ಆಡಲು ಅಂಗಳ ಒಣಗಿರಬೇಕೆಂದರು. ಅಷ್ಟರಲ್ಲಿ, 1890ರ ದಶಕದಲ್ಲಿ, ಅರ್ಕಾವತಿಯ ಹೆಸರಘಟ್ಟದ ಕೆರೆಯಿಂದ ಕೊಳವೆಯ ನೀರು ಪಟ್ಟಣಕ್ಕೆ ಬಂದಿತು. ದೂರದ ನೀರು ನಲ್ಲಿಯಲ್ಲಿ ಸುರಿಯುತ್ತಿರಲು ಹತ್ತಿರದ ಕೆರೆಯನ್ನು ಯಾರು ಲೆಕ್ಕಿಸುವರು? ನನ್ನ ಅಭಿಪ್ರಾಯದಲ್ಲಿ ಸಂಪಂಗಿ ಕೆರೆಯನ್ನು ಕೊಂದುದು ಪೋಲೋ ಆಟವಲ್ಲ, ಈ ಕೊಳವೆಯೇ. ಕುಡಿಯುವವರಿಗೆ ಬೇಡವಾದ ನೀರಿನ ಮೇಲೆ ಬೆಳೆಯುವವರೊಬ್ಬರದೇ ಹಕ್ಕು ಉಳಿಯಿತು. ಆ ಹಕ್ಕಿಗೆ ಕಚೇರಿಯಲ್ಲಿ ತೂಕವಿರಲಿಲ್ಲ. 1940ರ ದಶಕದಲ್ಲಿ ಕೆರೆಯಂಗಳದಲ್ಲಿ ಕಂಠೀರವ ಕ್ರೀಡಾಂಗಣದ ಕೆಲಸ ಮೊದಲಾಯಿತು. ಕರಗದ ವಿಧಿಗಳಿಗಾಗಿ ಒಂದು ಚಿಕ್ಕ ಕೊಳವನ್ನು ಉಳಿಸಿದರು. ಪ್ರತಿ ಚೈತ್ರದಲ್ಲಿಯೂ ಆ ತೋಟಗಾರರ ವಂಶದವರು ಅಲ್ಲಿಗೆ ಬರುವುದುಂಟು.

ನಮ್ಮ ಸೀಮೆಯು ಆ ಕಾಲದಲ್ಲಿ ಎರಡು ಆಡಳಿತಗಳಿಗೆ ಹಂಚಿಹೋಗಿತ್ತು. ಯಳಂದೂರು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದೊರೆತು ಮೈಸೂರಿನಲ್ಲಿಯೇ ಉಳಿಯಿತು. ಕೊಳ್ಳೇಗಾಲವು ಶ್ರೀರಂಗಪಟ್ಟಣದ ಪತನವಾದ ಮೇಲೆ ಕುಂಪಣಿಯ ಕೈಸೇರಿ, 1956ರ ನವೆಂಬರ್ 1ರವರೆಗೂ ಕೊಯಮತ್ತೂರು ಜಿಲ್ಲೆಯ ಭಾಗವಾಗಿದ್ದಿತು. ಮೈಸೂರಿನಲ್ಲಿ 1903ರಷ್ಟು ಹಿಂದೆಯೇ ನಗರಸುಧಾರಣೆಯ ಟ್ರಸ್ಟ್ ಬೋರ್ಡು ಸ್ಥಾಪಿತವಾಯಿತು; ಮದರಾಸಿನವರು 1920ರಲ್ಲಿ ನಗರನಿರ್ಮಾಣದ ಕಾಯಿದೆಯನ್ನು ಮಾಡಿದರು. ಇದಕ್ಕೆ ಐದು ವರ್ಷ ಮೊದಲು ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಗೆಡೆಸ್ ಎಂಬ ವಿದ್ವಾಂಸರು ಮದರಾಸು ಅಧಿಪತ್ಯದ ಹಲವು ಪಟ್ಟಣಗಳನ್ನು ಕಾಲ್ನಡಿಗೆಯಲ್ಲಿ ಸುತ್ತಿ ವರದಿ ಬರೆದಿದ್ದರು. ಸೊಳ್ಳೆಯ ಭಯದಿಂದ ಕೆರೆಕುಂಟೆಗಳನ್ನು ಮುಚ್ಚಹೊರಟ ಅಧಿಕಾರಿಗಳಿಗೆ ಅವರು ಹೇಳಿದ ಉಪಾಯವು ಅತ್ಯಂತ ಸರಳವಾದುದು: ಕೆರೆಯನ್ನು ಶುದ್ಧಮಾಡಿ ಮೀನುಗಳನ್ನೂ ಬಾತುಗಳನ್ನೂ ಬಿಡಿರಿ, ಸೊಳ್ಳೆಯ ಮರಿಗಳನ್ನು ಅವೇ ತಿನ್ನುವುವು. ಹಳೆಯ ಬೀದಿಗಳನ್ನು ಕೆಡವಿ ಹೆದ್ದಾರಿ ಮಾಡುವ ಬದಲು ಅಲ್ಲಲ್ಲಿ ಸ್ವಲ್ಪ ತೆರವು ಮಾಡಿದರೆ ಸಾಕೆಂಬುದು ಅವರ ಮತ. ಅಂದಿನ ಇಂಜಿನಿಯರುಗಳಲ್ಲಿ ಹಲವರಿಗೆ ಇದು ರುಚಿಸಲಿಲ್ಲ.

ಈಗ ಬಿಡದಿಗೆ ಬರೋಣ. 2006ರಲ್ಲಿ ಶ್ರೀ ಎಚ್. ಡಿ. ಕುಮಾರಸ್ವಾಮಿಯವರ ಸರ್ಕಾರವು ಬೆಂಗಳೂರಿನ ಸುತ್ತ ಬಿಡದಿ, ರಾಮನಗರ, ಸಾತನೂರು, ಸೋಲೂರು, ನಂದಗುಡಿಗಳಲ್ಲಿ ಐದು ಉಪನಗರಗಳನ್ನು ಕಟ್ಟಲು ಸಂಕಲ್ಪಿಸಿತು. ಬಿಡದಿಯ ಕಾರ್ಯವು ಕಟ್ಟಡದ ದೊಡ್ಡ ಕಂಪನಿಯೊಂದರವರೆಗೆ ಹೋಗಿ ನಿಂತುಹೋಯಿತು. 2025ರಲ್ಲಿ ಅದೇ ನೆಲದಲ್ಲಿ, ಬೈರಮಂಗಲ, ಕಂಚುಗಾರನಹಳ್ಳಿ ಮೊದಲಾದ ಗ್ರಾಮಗಳ ಎಂಟು ಸಾವಿರ ಎಕರೆಗೂ ಮೀರಿದ ಭೂಮಿಯಲ್ಲಿ, ಹೊಸ ಹೆಸರಿನಿಂದ ಅದೇ ನಗರಕ್ಕೆ ಪ್ರಕಟನೆ ಹೊರಟಿತು. ಬೈರಮಂಗಲದ ಕೆರೆಗೆ ಬೆಂಗಳೂರಿನ ಕೊಳಚೆಯು ವೃಷಭಾವತಿಯಲ್ಲಿ ಬಂದು ತುಂಬುತ್ತಿರುವುದು ದಶಕಗಳ ಮಾತು. ಮೊದಲು ಪಟ್ಟಣದ ಕೊಳೆ ಬಂದಿತು, ಈಗ ಪಟ್ಟಣವೇ ಬರುತ್ತಿದೆ.

ರೈತರ ಆಕ್ಷೇಪಣೆಯ ಒಳಗಣ ತಿರುಳನ್ನು ರೇಷ್ಮೆಯ ಸೀಮೆಯವರಾದ ನಾವು ಬೇಗನೆ ಗ್ರಹಿಸಬಲ್ಲೆವು. ಒಂದು ಕಾಲಕ್ಕೆ ಮದರಾಸು ಅಧಿಪತ್ಯದ ಹಿಪ್ಪುನೇರಳೆಯ ಬಹುಭಾಗವು ಕೊಳ್ಳೇಗಾಲ ತಾಲ್ಲೂಕಿನದೇ ಆಗಿತ್ತಷ್ಟೆ. ಒಮ್ಮೆ ನೆಟ್ಟ ಕಡ್ಡಿಯು ಹತ್ತು ಹದಿನೈದು ವರ್ಷ ಸೊಪ್ಪು ಕೊಡುವುದು. ನೀರಿದ್ದರೆ ವರ್ಷಕ್ಕೆ ಐದಾರು ಬೆಳೆ. ಚಾಕಿಯಿಂದ ಹಿಡಿದು ಹುಳುವನ್ನು ಚಂದ್ರಿಕೆಗೆ ಬಿಡುವವರೆಗೆ ಒಂದು ತಿಂಗಳೂ ಹಿಡಿಯದು. ಗೂಡನ್ನು ರಾಮನಗರದ ಮಾರುಕಟ್ಟೆಗೆ ಒಯ್ದರೆ ಕೈಗೆ ಹಣ. ಸೊಪ್ಪು ಕೊಯ್ಯುವವರು, ಹುಳು ಸಾಕುವ ಹೆಂಗಸರು, ನೂಲು ಬಿಚ್ಚುವವರು, ಗೂಡು ಸಾಗಿಸುವವರು ಇವರೆಲ್ಲರೂ ಆ ಒಂದೆಕರೆಯ ಸುತ್ತ ಬದುಕುವರು. ಪರಿಹಾರವಾದರೋ ಮುಖ್ಯವಾಗಿ ಪಹಣಿಯಲ್ಲಿ ಹೆಸರಿರುವವನಿಗೆ. ಎಕರೆಗೆ ಎಷ್ಟು ಕೋಟಿಯೆಂಬ ಚರ್ಚೆಯಲ್ಲಿ ಪಹಣಿಯಿಲ್ಲದವರ ಮಾತೇ ಏಳುವುದಿಲ್ಲ. ಪಹಣಿಯುಳ್ಳವರಲ್ಲಿಯೂ ಏಕಮತವಿಲ್ಲವೆಂಬುದನ್ನು ಹೇಳದಿದ್ದರೆ ಸತ್ಯಕ್ಕೆ ಕುಂದು. ಇಪ್ಪತ್ತು ವರ್ಷಗಳಿಂದ ಯೋಜನೆಯ ನೆರಳಿನಲ್ಲಿ ಮಾರಲಾರದೆ, ಕಟ್ಟಲಾರದೆ ಬೇಸತ್ತವರು ನ್ಯಾಯವಾದ ಬೆಲೆ ಬಂದರೆ ಕೊಟ್ಟುಬಿಡುತ್ತೇವೆನ್ನುವರು. ಅವರನ್ನು ದೂರುವಂತಿಲ್ಲ.

ದೇವನಹಳ್ಳಿಯಲ್ಲಿ ಮಾತ್ರ ಕಥೆ ಬೇರೆಯಾಯಿತು. ಚನ್ನರಾಯಪಟ್ಟಣ ಹೋಬಳಿಯ 13 ಗ್ರಾಮಗಳ 1,777 ಎಕರೆಯನ್ನು ಕೈಗಾರಿಕೆಗೆ ತೆಗೆದುಕೊಳ್ಳುವ ಪ್ರಯತ್ನಕ್ಕೆ ಎದುರಾಗಿ ರೈತರು 2022ರ ಏಪ್ರಿಲ್‌ನಿಂದ ಮೂರು ವರ್ಷಕ್ಕೂ ಮೀರಿ ಧರಣಿ ಕುಳಿತರು. 2025ರ ಜುಲೈ 15ರಂದು ಮುಖ್ಯಮಂತ್ರಿ ಶ್ರೀ ಸಿದ್ದರಾಮಯ್ಯನವರು ಆ ಸ್ವಾಧೀನವನ್ನು ಕೈಬಿಟ್ಟುದಾಗಿ ಸಾರಿದರು. ಸ್ವಂತ ಇಚ್ಛೆಯಿಂದ ಕೊಡುವವರ ಭೂಮಿಯನ್ನು ಕೊಳ್ಳುವೆವೆಂದೂ ಹೇಳಿದರು. ಸಂಪಂಗಿ ಕೆರೆಯ ತೋಟಗಾರರ ಅರ್ಜಿಗೂ ಇವರ ಧರಣಿಗೂ ಇರುವ ಅಂತರ ಮತದಾನದ ಹಕ್ಕಿನದೆಂದು ನನಗೆ ತೋರುತ್ತದೆ.

ನಮ್ಮ ಮೂರು ಊರುಗಳಿಗೆ ಇಷ್ಟು ದೊಡ್ಡ ಯೋಜನೆ ಬರುವುದೋ ಇಲ್ಲವೋ, ಬಡಾವಣೆಗಳಂತೂ ಹೊಲದಿಂದ ಹೊಲಕ್ಕೆ ಹಬ್ಬುತ್ತಿವೆ. ಯಳಂದೂರಿನ ಬಯಲು ಸುವರ್ಣಾವತಿಯ ನೀರುಂಡು ಬೆಳೆದುದು. ಹನೂರಿಗೆ ಸುತ್ತಲೂ ಕಾಡು, ಬೆಳೆಯುವುದಾದರೆ ಉಳುವ ನೆಲದ ಮೇಲೆಯೇ ಬೆಳೆಯಬೇಕು. 1961ರ ನಗರ ಮತ್ತು ಗ್ರಾಮಾಂತರ ಯೋಜನೆಯ ಕಾಯಿದೆಯಂತೆ ಮಹಾಯೋಜನೆಯ ಕರಡನ್ನು ಪ್ರಕಟಿಸಿ ಸಾರ್ವಜನಿಕರ ಸಲಹೆ ಆಕ್ಷೇಪಣೆಗಳಿಗೆ ಅವಕಾಶ ಕೊಡತಕ್ಕದ್ದು. ಆದರೆ ಆ ನಕ್ಷೆಯಲ್ಲಿ ವಾಸಕ್ಕೆ ಹಳದಿ, ಬೇಸಾಯಕ್ಕೆ ಹಸುರು ಎಂಬುದನ್ನು ಬಲ್ಲವರು ಎಷ್ಟು ಮಂದಿ? ಕರಡು ಬಂದ ವಾರದಲ್ಲಿಯೇ ಸಂಘದ ಸದಸ್ಯರು ನಾಲ್ಕಾರು ಮಂದಿ ನಗರಸಭೆಯ ಕಚೇರಿಗೆ ಹೋಗಿ, ಕೆರೆ, ತೂಬು, ಕೋಡಿ, ರಾಜಕಾಲುವೆಗಳು ಅದರಲ್ಲಿ ಗುರುತಾಗಿವೆಯೇ ಎಂದು ನೋಡಿಬಂದು, ಅಚ್ಚುಕಟ್ಟಿನ ರೈತರಿಗೆ ಅವರವರ ಸರ್ವೆ ನಂಬರು ಯಾವ ಬಣ್ಣದಲ್ಲಿದೆಯೆಂಬುದನ್ನು ಕನ್ನಡದಲ್ಲಿ ಬರೆದುಕೊಡಬಹುದು.