ಡಂಗ್ಯಾನನ್ನಿನ ಹೆಂಗಸರು, ಸ್ಟಾರ್ಮಾಂಟಿನ ಕುರ್ಚಿ

ಒಂದು ಕುರ್ಚಿಯ ಮೇಲೆ ಹೊಸಬರು ಬಂದು ಕೂತಾಗ ಯಾರ ಹೊಟ್ಟೆ ಉರಿಯಿತು, ಯಾರ ಕಣ್ಣು ಒದ್ದೆಯಾಯಿತು ಅಂತ ನೋಡಬೇಕು. ಆ ಕುರ್ಚಿಯನ್ನು ಯಾರು ಯಾರಿಗಾಗಿ ಮಾಡಿದ್ದರು ಅನ್ನೋ ಚರಿತ್ರೆ ಅಲ್ಲೇ ಸಿಗುತ್ತದೆ. 2024ರ ಫೆಬ್ರುವರಿ 3ರಂದು ಉತ್ತರ ಐರ್ಲೆಂಡಿನ ಸ್ಟಾರ್ಮಾಂಟ್ ವಿಧಾನಸಭೆಯಲ್ಲಿ ಶಿನ್ ಫೇನ್ ಪಕ್ಷದ ಮಿಶೆಲ್ ಓನೀಲ್ ಫಸ್ಟ್ ಮಿನಿಸ್ಟರ್ ಆದರು. ನಮ್ಮಲ್ಲಿ ಮುಖ್ಯಮಂತ್ರಿ ಇದ್ದ ಹಾಗೆ ಅದು. ಲಂಡನ್ನಿನ ಪಾರ್ಲಿಮೆಂಟು ಬಿಟ್ಟುಕೊಟ್ಟಷ್ಟು ಅಧಿಕಾರದ ಸರ್ಕಾರ. ಆ ನಾಡು ಹುಟ್ಟಿ ನೂರು ವರ್ಷ ದಾಟಿದ ಮೇಲೆ, ಐರ್ಲೆಂಡ್ ಒಂದಾಗಬೇಕು ಅನ್ನುವ ಪಕ್ಷದವರೊಬ್ಬರು ಮೊದಲ ಸಲ ಆ ಜಾಗಕ್ಕೆ ಬಂದರು. ಬಂದವರು ಕ್ಯಾಥೊಲಿಕ್ ಮನೆತನದವರು. ಹೆಂಗಸು. ಹದಿನಾರನೇ ವಯಸ್ಸಿಗೆ ತಾಯಿಯಾದವರು.

ಕೆಲವರು ಅತ್ತರು. ನಮ್ಮ ಅಪ್ಪ-ಅಜ್ಜ ಇದನ್ನ ನೋಡಬೇಕಿತ್ತು ಅಂದರು. ಕೆಲವರು ಹಲ್ಲು ಕಚ್ಚಿದರು. ಎರಡೂ ಯಾಕೆ ಅಂತ ತಿಳಿಯಬೇಕಾದರೆ ಹಿಂದಕ್ಕೆ ಹೋಗಬೇಕು.

ಬ್ರಿಟಿಷರು 1920ರ ಕಾಯ್ದೆಯಿಂದ ಐರ್ಲೆಂಡನ್ನು ಹೋಳು ಮಾಡಿದರು. ಅಲ್ಸ್ಟರ್ ಪ್ರಾಂತ್ಯದಲ್ಲಿ 9 ಕೌಂಟಿಗಳಿದ್ದವು. ಉತ್ತರ ಐರ್ಲೆಂಡಿಗೆ ಆರಿಸಿಕೊಂಡದ್ದು 6 ಮಾತ್ರ. ಯಾಕೆ? ಒಂಬತ್ತನ್ನೂ ತಗೊಂಡಿದ್ದರೆ ಪ್ರಾಟೆಸ್ಟೆಂಟರ ಬಹುಮತ ಗಟ್ಟಿಯಾಗಿ ನಿಲ್ಲುತ್ತಿರಲಿಲ್ಲ. ಅಂದರೆ ಮೊದಲು ತಲೆ ಎಣಿಸಿದರು, ಆಮೇಲೆ ಗಡಿ ಎಳೆದರು. ಅದರ ಮೊದಲ ಪ್ರಧಾನಿ ಜೇಮ್ಸ್ ಕ್ರೇಗ್ 1934ರಲ್ಲಿ ಪಾರ್ಲಿಮೆಂಟಿನಲ್ಲೇ ನಿಂತು, ನಮ್ಮದು ಪ್ರಾಟೆಸ್ಟೆಂಟ್ ಪಾರ್ಲಿಮೆಂಟು, ಪ್ರಾಟೆಸ್ಟೆಂಟ್ ರಾಜ್ಯ ಅಂದ. ಮುಚ್ಚುಮರೆ ಇರಲಿಲ್ಲ.

ಇದನ್ನು ನಮ್ಮ ಜಾತಿಗೆ ಸಮ ಅಂತ ಹೇಳುವುದು ತಪ್ಪು. ಅಲ್ಲಿ ಬಾವಿ ಮುಟ್ಟಬೇಡ ಅಂತ ಯಾರೂ ಅನ್ನಲಿಲ್ಲ. ಎರಡೂ ಕಡೆಯವರ ಚರ್ಮ ಒಂದೇ, ದಿನಬಳಕೆಯ ಮಾತು ಒಂದೇ, ಏಸು ಒಬ್ಬನೇ. ಆದರೂ ಹೆಸರು ಕೇಳಿದರೆ ಸಾಕು, ಯಾವ ಶಾಲೆ, ಯಾವ ಬೀದಿ ಅಂತ ಕೇಳಿದರೆ ಸಾಕು, ಹುಟ್ಟು ಗೊತ್ತಾಗಿಬಿಡುತ್ತೆ. ಇಂಗ್ಲಿಷಿನ ಎಂಟನೇ ಅಕ್ಷರವನ್ನು 'ಹೇಚ್' ಅಂದರೆ ಕ್ಯಾಥೊಲಿಕ್, 'ಏಚ್' ಅಂದರೆ ಪ್ರಾಟೆಸ್ಟೆಂಟ್ ಅಂತ ಲೆಕ್ಕ ಹಾಕುವವರಿದ್ದಾರೆ. ಹುಟ್ಟು ನೋಡಿ ಮನೆ, ಕೆಲಸ, ಓಟು ಹಂಚುವ ವಿದ್ಯೆ ಯಾವ ದೇಶದಲ್ಲಿದ್ದರೂ ನಮಗೆ ಅದರ ಗುರುತು ಹತ್ತುತ್ತದೆ.

ಮನೆ ಮತ್ತು ಓಟಿನ ವಿಚಾರ ಸ್ವಲ್ಪ ಬಿಡಿಸಿ ಹೇಳಬೇಕು. ಅಲ್ಲಿನ ಸ್ಥಳೀಯ ಚುನಾವಣೆಯಲ್ಲಿ 1960ರ ದಶಕದ ಕೊನೆಯವರೆಗೂ ಎಲ್ಲ ವಯಸ್ಕರಿಗೂ ಓಟು ಇರಲಿಲ್ಲ. ಮನೆ ಯಾರ ಹೆಸರಿನಲ್ಲಿದೆಯೋ ಅವನಿಗೆ ಮತ್ತು ಅವನ ಹೆಂಡತಿಗೆ ಮಾತ್ರ ಓಟು. ಅಪ್ಪನ ಮನೆಯಲ್ಲಿರುವ ದುಡಿಯುವ ಮಗನಿಗೆ ಇಲ್ಲ, ರೂಮು ಬಾಡಿಗೆಗೆ ಹಿಡಿದವನಿಗೆ ಇಲ್ಲ. ಕಂಪನಿ ಇದ್ದವರಿಗೆ ಮಾತ್ರ ಹೆಚ್ಚುವರಿ ಓಟು! ನಮ್ಮ ಜನತಾ ಮನೆಗಳ ಹಾಗೆ ಅಲ್ಲಿ ಕೌನ್ಸಿಲ್ಲು ಬಡವರಿಗೆ ಮನೆ ಕಟ್ಟಿಸಿ ಬಾಡಿಗೆಗೆ ಕೊಡುತ್ತಿತ್ತು. ಒಂದು ಮನೆ ಕೊಟ್ಟರೆ ಎರಡು ಓಟು ಕೊಟ್ಟ ಹಾಗೆ. ಹಾಗಾಗಿ ಕ್ಯಾಥೊಲಿಕರಿಗೆ ಮನೆ ಕೊಡದಿರುವುದೇ ರಾಜಕೀಯವಾಯಿತು. ಡೆರಿ ನಗರದಲ್ಲಿ ಕ್ಯಾಥೊಲಿಕ್ ಮತದಾರರೇ ಹೆಚ್ಚು. ಆದರೆ ವಾರ್ಡುಗಳನ್ನು ಕೊಯ್ದ ರೀತಿ ಹೇಗಿತ್ತೆಂದರೆ 1967ರಲ್ಲಿ ಕೌನ್ಸಿಲ್ಲಿಗೆ ಬಂದವರು 8 ಕ್ಯಾಥೊಲಿಕರು, 12 ಪ್ರಾಟೆಸ್ಟೆಂಟರು.

ಈ ಕಾನೂನಿನಲ್ಲಿ ಬಡ ಪ್ರಾಟೆಸ್ಟೆಂಟನಿಗೂ ಓಟು ತಪ್ಪುತ್ತಿತ್ತು ಅನ್ನೋದನ್ನ ಮರೆಯಬಾರದು. ಅವನಿಗೂ ಮನೆಯಿಲ್ಲ, ಅವನಿಗೂ ಓಟಿಲ್ಲ. ಆದರೆ ನಾನು ಮೇಲಿನವನು ಅನ್ನುವ ಒಂದು ಸುಖ ಇತ್ತು. ಒಡೆಯರು ಆ ಸುಖವನ್ನು ಅವನಿಗೆ ಬಿಟ್ಟಿಯಾಗಿ ಕೊಟ್ಟರು. ಇಂಥ ಸುಖ ಉಂಡು ಹಸಿದುಕೊಂಡೇ ಇರುವವರನ್ನು ನಾವು ನಮ್ಮ ಊರುಗಳಲ್ಲೂ ಕಂಡಿದ್ದೇವೆ.

ಇದರ ವಿರುದ್ಧ ಮೊದಲು ಎದ್ದವರಲ್ಲಿ ಟಿರೋನ್ ಕೌಂಟಿಯ ಡಂಗ್ಯಾನನ್ ಎಂಬ ಸಣ್ಣ ಪಟ್ಟಣದ ಹೆಂಗಸರು ಇದ್ದರು. 1963ರಲ್ಲಿ ಎಳೆಗೂಸು ಕಟ್ಟಿಕೊಂಡ ತಾಯಂದಿರು ಕೌನ್ಸಿಲ್ ಕಚೇರಿಗೆ ಹೋಗಿ ಮನೆ ಕೇಳಿದರು. ಇಕ್ಕಟ್ಟಿನ ಕೋಣೆಗಳಲ್ಲಿ ಬದುಕುತ್ತಿದ್ದವರು ಅವರು. ಕೌನ್ಸಿಲ್ಲು ಕಿವಿಗೊಡಲಿಲ್ಲ. ಪೆಟ್ರೀಷಿಯಾ ಮೆಕ್‌ಕ್ಲಸ್ಕಿ ಮತ್ತು ಅವರ ಗಂಡ, ಡಾಕ್ಟರ್ ಕಾನ್ ಮೆಕ್‌ಕ್ಲಸ್ಕಿ, ಜೊತೆಗೆ ನಿಂತು ಮನೆಯಿಲ್ಲದವರ ಸಂಘ ಕಟ್ಟಿದರು. ಖಾಲಿ ಬಿದ್ದಿದ್ದ ತಾತ್ಕಾಲಿಕ ಮನೆಗಳಿಗೆ ಕುಟುಂಬಗಳು ನುಗ್ಗಿ ಸೇರಿಕೊಂಡವು. ಅವರು ಹಿಡಿದ ಫಲಕಗಳಲ್ಲಿ ಅಲಬಾಮಾ, ಲಿಟ್ಲ್ ರಾಕ್ ಎಂಬ ಅಮೆರಿಕದ ಹೆಸರುಗಳಿದ್ದವು. ಕರಿಯ ಜನರ ಹೋರಾಟವನ್ನು ಪತ್ರಿಕೆಯಲ್ಲಿ, ಟಿವಿಯಲ್ಲಿ ನೋಡಿ, ಇದು ನಮ್ಮದೇ ಕಥೆ ಅಂತ ಆ ಬಿಳಿಯ ಹೆಂಗಸರು ಕಂಡುಕೊಂಡರು. 1972ರಲ್ಲಿ ಬೊಂಬಾಯಿಯ ದಲಿತ ತರುಣರು ಪ್ಯಾಂಥರ್ ಎಂಬ ಹೆಸರು ತಂದದ್ದೂ ಅದೇ ಅಮೆರಿಕದ ಕರಿಯರಿಂದ. ಒಂದೇ ಒಲೆಯ ಕೆಂಡ ಎರಡು ದೇಶಕ್ಕೆ ಹೋಗಿತ್ತು.

1968ರ ಜೂನಿನಲ್ಲಿ ಹತ್ತಿರದ ಕ್ಯಾಲೆಡನ್ ಎಂಬ ಹಳ್ಳಿಯಲ್ಲಿ, ಮಕ್ಕಳೊಂದಿಗರಾದ ಕ್ಯಾಥೊಲಿಕ್ ಕುಟುಂಬಗಳು ಕಾಯುತ್ತಿರುವಾಗ, ಮದುವೆಯಾಗದ 19 ವರ್ಷದ ಪ್ರಾಟೆಸ್ಟೆಂಟ್ ಹುಡುಗಿಗೆ ಕೌನ್ಸಿಲ್ ಮನೆ ಕೊಟ್ಟರು. ಸ್ಟಾರ್ಮಾಂಟಿನ ಸದಸ್ಯ ಆಸ್ಟಿನ್ ಕರಿ ಆ ಮನೆಯೊಳಕ್ಕೆ ಹೊಕ್ಕು ಕೂತರು. ಪೊಲೀಸರು ಹೊರಗೆಳೆದು ಹಾಕಿದರು. ಆಗಸ್ಟ್ 24ರಂದು ಕೋಲ್‌ಐಲೆಂಡಿನಿಂದ ಡಂಗ್ಯಾನನ್ನಿಗೆ ಜನ ಕಾಲ್ನಡಿಗೆಯಲ್ಲಿ ಹೊರಟರು. ಅದೇ ಅಲ್ಲಿನ ಮೊದಲ ನಾಗರಿಕ ಹಕ್ಕು ಮೆರವಣಿಗೆ. ಪಟ್ಟಣದ ಚೌಕಕ್ಕೆ ಬಿಡಲಿಲ್ಲ. ಅಕ್ಟೋಬರ್ 5ರಂದು ಡೆರಿಯಲ್ಲಿ ಲಾಠಿ ಬಿತ್ತು. ಮನೆ ಕೇಳಿದವರಿಗೆ, ಓಟು ಕೇಳಿದವರಿಗೆ ಲಾಠಿ. ಆಮೇಲೆ ಆದದ್ದು ಎಲ್ಲರಿಗೂ ಗೊತ್ತು: ಬಂದೂಕು, ಬಾಂಬು, ಸೈನ್ಯ, ಜೈಲು. ಮೂವತ್ತು ವರ್ಷದಲ್ಲಿ ಸುಮಾರು 3,500 ಜನ ಸತ್ತರು. 1998ರ ಒಪ್ಪಂದದಿಂದ ಎರಡೂ ಕಡೆಯವರು ಅಧಿಕಾರ ಹಂಚಿಕೊಂಡು ಆಳುವ ಸರ್ಕಾರಕ್ಕೆ ದಾರಿಯಾಯಿತು.

ಆ ಚಳವಳಿ ಎತ್ತಿ ಹಿಡಿದ ಒಬ್ಬ ಹುಡುಗಿಗೆ ಏನಾಯಿತು ನೋಡಿ. ಅದೇ ಟಿರೋನಿನ ಬರ್ನಡೆಟ್ ಡೆವ್ಲಿನ್ 1969ರಲ್ಲಿ 21ನೇ ವಯಸ್ಸಿಗೆ ಲಂಡನ್ ಪಾರ್ಲಿಮೆಂಟಿಗೆ ಗೆದ್ದರು. ಜನ ತಲೆಯ ಮೇಲೆ ಹೊತ್ತರು. 1971ರಲ್ಲಿ ಮದುವೆಯಾಗದೆ ತಾಯಿಯಾದಾಗ ಅದೇ ಜನರಲ್ಲಿ ಎಷ್ಟೋ ಮಂದಿ ಮುಖ ತಿರುಗಿಸಿದರು. ಒಡೆಯರ ವಿರುದ್ಧ ಕೂಗಲು ಹೆಣ್ಣಿನ ಬಾಯಿ ಬೇಕು, ಆದರೆ ಆಕೆಯ ಹೊಟ್ಟೆ ಮಾತ್ರ ಪಾದ್ರಿಯ ಲೆಕ್ಕದಲ್ಲಿರಬೇಕು! ಈ ವಿಷಯದಲ್ಲಿ ಕ್ಯಾಥೊಲಿಕ್ ಪಾದ್ರಿಗೂ ಪ್ರಾಟೆಸ್ಟೆಂಟ್ ಪಾದ್ರಿಗೂ ಜಗಳವೇ ಇರಲಿಲ್ಲ. ಉತ್ತರ ಐರ್ಲೆಂಡಿನಲ್ಲಿ ಮದುವೆಯಾಗದೆ ಬಸಿರಾದ ಹೆಣ್ಣುಗಳನ್ನು ಇಟ್ಟುಕೊಳ್ಳುತ್ತಿದ್ದ ಆಶ್ರಮಗಳ ಬಗ್ಗೆ 2021ರ ಜನವರಿಯಲ್ಲಿ ಸಂಶೋಧನಾ ವರದಿ ಬಂತು. 1922ರಿಂದ 1990ರವರೆಗೆ ಅವುಗಳ ಬಾಗಿಲು ದಾಟಿದವರು ಸುಮಾರು 10,500 ಹೆಂಗಸರು. ಅವು ಎರಡೂ ಪಂಗಡಗಳಲ್ಲಿದ್ದವು.

ಮಿಶೆಲ್ ಓನೀಲ್ 1977ರಲ್ಲಿ ಹುಟ್ಟಿದವರು. ಬೆಳೆದದ್ದು ಕೋಲ್‌ಐಲೆಂಡಿನ ಪಕ್ಕದ ಕ್ಲೋನೋದಲ್ಲಿ. ಅಂದರೆ ಆ ಮೆರವಣಿಗೆ ಹೊರಟ ಜಾಗದ ಮಗಳು. ಅಪ್ಪ ಐಆರ್‌ಎ ಕೈದಿಯಾಗಿದ್ದವರು, ಆಮೇಲೆ ಕೌನ್ಸಿಲ್ಲರ್. 1991ರಲ್ಲಿ ಬ್ರಿಟಿಷ್ ಸೈನಿಕರ ಗುಂಡಿಗೆ ಸತ್ತ ಐಆರ್‌ಎಯವರಲ್ಲಿ ಅವರ ದಾಯಾದಿಯೊಬ್ಬ ಇದ್ದ. ಶಾಲೆಯಲ್ಲಿರುವಾಗಲೇ ಬಸಿರಾದರು. ಶಾಲೆಯಲ್ಲಿ ತನ್ನನ್ನು ನಿಲ್ಲಿಸಿಕೊಂಡು ಪ್ರಾರ್ಥನೆ ಮಾಡಿದರು ಅಂತ ಆಕೆಯೇ ಬಹಿರಂಗವಾಗಿ ಹೇಳಿಕೊಂಡಿದ್ದಾರೆ. ಮನೆಯವರು ಕೈಬಿಡಲಿಲ್ಲ, ಓದು ಮುಂದುವರಿಯಿತು. 2005ರಲ್ಲಿ ಡಂಗ್ಯಾನನ್ ಕೌನ್ಸಿಲ್ಲಿಗೆ ಗೆದ್ದರು. 2010ರಲ್ಲಿ ಅದರ ಮೇಯರ್ ಆದರು. ಎಳೆಗೂಸು ಹಿಡಿದು ಬಂದ ತಾಯಂದಿರನ್ನು ಯಾವ ಪಟ್ಟಣದ ಕೌನ್ಸಿಲ್ಲು ಹೊರಗೆ ನಿಲ್ಲಿಸಿತ್ತೋ, ಆ ಪಟ್ಟಣದ ಮೇಯರ್ ಕುರ್ಚಿಯಲ್ಲಿ ಹದಿನಾರಕ್ಕೇ ತಾಯಿಯಾದ ಹೆಣ್ಣು.

ಹೆಣ್ಣನ್ನು ಕಾಣುವ ಕಣ್ಣು ಎದುರು ಪಾಳೆಯದಲ್ಲೂ ಬೇರೆ ಇರಲಿಲ್ಲ. ಪ್ರಾಟೆಸ್ಟೆಂಟರ ದೊಡ್ಡ ಪಕ್ಷ ಡಿಯುಪಿಯ ಆರ್ಲೀನ್ ಫಾಸ್ಟರ್ 2016ರ ಜನವರಿಯಲ್ಲಿ ಫಸ್ಟ್ ಮಿನಿಸ್ಟರ್ ಆದರು. ಆ ಸ್ಥಾನಕ್ಕೆ ಬಂದ ಮೊದಲ ಹೆಂಗಸು ಅವರು. ಅವರ ಅಪ್ಪನ ಮೇಲೆ ಐಆರ್‌ಎ ಗುಂಡು ಹಾರಿಸಿತ್ತು. ಅವರು ಶಾಲೆಗೆ ಹೋಗುತ್ತಿದ್ದ ಬಸ್ಸಿಗೆ ಬಾಂಬಿಟ್ಟಿತ್ತು. ಇಷ್ಟೆಲ್ಲ ದಾಟಿ ಬಂದ ಹೆಂಗಸಿಗೆ ಅವರದೇ ಪಕ್ಷದ ಎಡ್ವಿನ್ ಪೂಟ್ಸ್ ಸಭೆಯಲ್ಲಿ ಅಭಿನಂದನೆ ಹೇಳುತ್ತ, ನಿಮ್ಮ ಅತಿ ಮುಖ್ಯ ಕೆಲಸ ಹೆಂಡತಿಯಾಗಿ, ತಾಯಿಯಾಗಿ, ಮಗಳಾಗಿ ಇರೋದೇ ಅಂದರು. ಮರುವರ್ಷ ಓನೀಲ್ ಬಗ್ಗೆ ಒಂದು ಪದದಲ್ಲಿ ಹೇಳಿ ಅಂತ ಪತ್ರಿಕೆಯವರು ಕೇಳಿದಾಗ, ಫಾಸ್ಟರ್ ಆಡಿದ ಪದ ಕೂದಲಿನ ಬಣ್ಣದ್ದು! ಗಂಡಸರ ಕನ್ನಡಕವನ್ನು ಹೆಂಗಸೂ ಹಾಕಿಕೊಳ್ಳುತ್ತಾಳೆ.

2022ರ ಮೇ ಚುನಾವಣೆಯಲ್ಲಿ 90 ಸ್ಥಾನಗಳಲ್ಲಿ ಶಿನ್ ಫೇನ್ 27 ಗೆದ್ದಿತು, ಡಿಯುಪಿ 25. ಫಸ್ಟ್ ಮಿನಿಸ್ಟರ್ ಹುದ್ದೆ ಓನೀಲ್‌ಗೆ ಬರಬೇಕಾಯಿತು. ಇಲ್ಲೊಂದು ಸ್ವಾರಸ್ಯ ಇದೆ. ಕಾನೂನಿನ ಪ್ರಕಾರ ಫಸ್ಟ್ ಮಿನಿಸ್ಟರಿಗೂ ಡೆಪ್ಯುಟಿ ಫಸ್ಟ್ ಮಿನಿಸ್ಟರಿಗೂ ಅಧಿಕಾರ ಸರಿಸಮ. ಒಬ್ಬರು ಬಿಟ್ಟರೆ ಇನ್ನೊಬ್ಬರು ಇಲ್ಲ. ಮೊದಲಿಂದಲೂ ಡೆಪ್ಯುಟಿ ಜಾಗದಲ್ಲಿ ಕೂತವರು ನ್ಯಾಷನಲಿಸ್ಟರು. ಆದರೆ ಆ ಸಣ್ಣ ಹೆಸರು ತಮ್ಮ ಪಾಲಿಗೆ ಬರುತ್ತೆ ಅಂದಾಗ, ಅದನ್ನು ಒಪ್ಪುತ್ತೇವೆ ಅಂತ ಚುನಾವಣೆಗೆ ಮುಂಚೆ ಬಾಯಿಬಿಟ್ಟು ಹೇಳಲು ಡಿಯುಪಿ ನಾಯಕರಿಗೆ ಆಗಲಿಲ್ಲ. ಸುಮಾರು ಎರಡು ವರ್ಷ ಸರ್ಕಾರವೇ ನಡೆಯಲಿಲ್ಲ. ಬ್ರಿಟನ್ ಯೂರೋಪ್ ಒಕ್ಕೂಟ ಬಿಟ್ಟ ಮೇಲೆ ಬಂದ ಸಮುದ್ರದ ಗಡಿ ತಪಾಸಣೆಗೆ ವಿರೋಧ ಅಂತ ಅವರು ಕೊಟ್ಟ ಕಾರಣ. ಅದು ಸುಳ್ಳು ಕಾರಣವಲ್ಲ. ಆದರೆ ಎಲ್ಲ ಕಾರಣವೂ ಅದೇ ಅಲ್ಲ ಅಂತ ನಂಬಿದ ಕ್ಯಾಥೊಲಿಕರು ಬೇಕಾದಷ್ಟಿದ್ದರು. ಅದೇ ಹೊತ್ತಿಗೆ 2021ರ ಜನಗಣತಿ ಹೊರಬಂತು: ಕ್ಯಾಥೊಲಿಕ್ ಹಿನ್ನೆಲೆಯವರು ಶೇಕಡಾ 45.7, ಪ್ರಾಟೆಸ್ಟೆಂಟ್ ಹಿನ್ನೆಲೆಯವರು 43.5. ತಲೆ ಎಣಿಸಿ ಎಳೆದ ಗಡಿಯೊಳಗೆ ಎಣಿಕೆಯೇ ತಿರುಗಿತ್ತು.

ಎಲ್ಲ ಸಿಟ್ಟನ್ನೂ ಮೇಲಿನವರ ಸೊಕ್ಕು ಅಂತ ತಳ್ಳಿಹಾಕಲು ಬರುವುದಿಲ್ಲ. ಐಆರ್‌ಎ ಗುಂಡಿಗೆ ಅಪ್ಪನನ್ನು, ಮಗನನ್ನು ಕಳೆದುಕೊಂಡ ಮನೆಗಳಿವೆ. ಅವರಲ್ಲಿ ಕೂಲಿಗಳೂ ರೈತರೂ ಇದ್ದಾರೆ. ಅಂದು ಬೇರೆ ದಾರಿ ಇರಲಿಲ್ಲ ಅಂತ ಓನೀಲ್ 2022ರಲ್ಲಿ ಹೇಳಿದಾಗ ಆ ಮನೆಗಳಿಗೆ ಹಳೆ ಗಾಯ ಕೆದಕಿದ ಹಾಗಾಯಿತು. ಡಂಗ್ಯಾನನ್ನಿನ ಹೆಂಗಸರು ತೋರಿಸಿದ್ದು ಬೇರೆಯೇ ದಾರಿಯಾಗಿತ್ತಲ್ಲ ಅಂತ ಕೇಳುವ ಹಕ್ಕು ನಮಗೂ ಇದೆ. ಅಧಿಕಾರಕ್ಕೆ ಬಂದ ದಿನ ಆಕೆ, ಯಾರನ್ನೂ ಹೊರಗಿಡದೆ ಸತ್ತವರೆಲ್ಲರಿಗಾಗಿ ದುಃಖಿಸುತ್ತೇನೆ, ಎಲ್ಲರ ಫಸ್ಟ್ ಮಿನಿಸ್ಟರ್ ಆಗಿರುತ್ತೇನೆ ಅಂದರು. 2024ರ ನವೆಂಬರಿನಲ್ಲಿ ಬೆಲ್‌ಫಾಸ್ಟಿನ ಯುದ್ಧ ಸ್ಮಾರಕಕ್ಕೆ ಹೂವಿನ ಚಕ್ರ ಇಟ್ಟರು. ಆಗ ಸಿಟ್ಟಾದವರು ಸ್ವಂತ ಜನ. ಬ್ರಿಟಿಷ್ ಸೈನಿಕರ ಗುಂಡಿಗೆ ಮಕ್ಕಳನ್ನು ಕೊಟ್ಟವರು. ಎಲ್ಲರವಳು ಅಂದ ಕೂಡಲೇ ತನ್ನವರಿಗೆ ಲೆಕ್ಕ ಒಪ್ಪಿಸಬೇಕಾಗುತ್ತದೆ.

ಈಗ ಮೊದಲ ಪ್ರಶ್ನೆಗೆ ಬರೋಣ. 1963ರ ಹೆಂಗಸರು ಕೇಳಿದ್ದು ಕುರ್ಚಿಯಲ್ಲ, ಮನೆ. ಚಳವಳಿಯ ಫಲವಾಗಿ ಮನೆ ಹಂಚುವ ಅಧಿಕಾರವನ್ನು ಕೌನ್ಸಿಲ್ಲುಗಳ ಕೈಯಿಂದ ಕಿತ್ತು 1971ರಲ್ಲಿ ಹೌಸಿಂಗ್ ಎಕ್ಸಿಕ್ಯುಟಿವ್ ಎಂಬ ಪ್ರತ್ಯೇಕ ಸಂಸ್ಥೆಗೆ ಕೊಟ್ಟರು. ಅದು ದೊಡ್ಡ ಗೆಲುವು. ಆದರೆ ಓನೀಲ್ ಕುರ್ಚಿಗೆ ಬಂದ ಹೊತ್ತಿಗೆ ಸರ್ಕಾರಿ ಮನೆಗಾಗಿ ಕಾಯುವ ಪಟ್ಟಿಯಲ್ಲಿ ನಲವತ್ತು ಸಾವಿರಕ್ಕೂ ಮೀರಿ ಕುಟುಂಬಗಳಿದ್ದವು. ಆ ಸರ್ಕಾರದ ಬಹುಪಾಲು ದುಡ್ಡು ಲಂಡನ್ ಖಜಾನೆಯಿಂದ ಬರಬೇಕು. ಕುರ್ಚಿ ಸ್ಟಾರ್ಮಾಂಟಿನಲ್ಲಿ, ಬೀಗದ ಕೈ ಲಂಡನ್ನಿನಲ್ಲಿ.

ಹಾಗಾದರೆ ಆ ದಿನ ಅತ್ತವರ ಕಣ್ಣೀರು ಹುಸಿಯೆ? ಅಲ್ಲ. ನಿನ್ನಂಥವಳು ಇಲ್ಲಿ ಕೂರಕೂಡದು ಅಂತ ಕಟ್ಟಿದ ಮನೆಯಲ್ಲಿ ಅಂಥವಳೇ ಕೂತಾಗ, ಬೀದಿಯಲ್ಲಿ ನಡೆಯುವ ಮಕ್ಕಳ ಬೆನ್ನು ನೆಟ್ಟಗಾಗುತ್ತದೆ. ಮೀಸಲಾತಿಯಿಂದ ಗೆದ್ದ ದಲಿತ ಪಂಚಾಯ್ತಿ ಅಧ್ಯಕ್ಷೆಯನ್ನು ನೆಲದ ಮೇಲೆ ಕೂರಿಸುವ ಊರುಗಳಿರುವ ದೇಶದಲ್ಲಿ ಕುರ್ಚಿ ಸಣ್ಣ ಮಾತು ಅಂತ ಯಾರು ಹೇಳಬಲ್ಲರು? ಆದರೆ ಬೆನ್ನು ನೆಟ್ಟಗಾದ ಆ ಮಕ್ಕಳು ರಾತ್ರಿ ಎಲ್ಲಿ ಮಲಗುತ್ತಾರೆ ಅಂತಲೂ ಕೇಳಬೇಕು. ಎಳೆಗೂಸು ಕಂಕುಳಲ್ಲಿ ಕಟ್ಟಿಕೊಂಡು ಕಚೇರಿ ಮೆಟ್ಟಿಲು ಹತ್ತಿದ ಹೆಂಗಸರು ಕೇಳಿದ್ದು ಅದನ್ನೇ. ಕುರ್ಚಿಯಲ್ಲಿ ಯಾರೇ ಕೂರಲಿ, ನಮ್ಮವಳೇ ಕೂರಲಿ, ಅವರ ಎದುರಿಗೆ ಆ ಪ್ರಶ್ನೆ ನಿಂತೇ ಇರಬೇಕು.