ನೆಲಕ್ಕೆ ಮೇಣ ಹಚ್ಚುವ ಕೋಲು: ಮೊಣಕಾಲೂರಿದವರು ಎದ್ದು ನಿಂತ ಕಥೆ

ಎದೆಮಟ್ಟದ ಒಂದು ಮರದ ಕೋಲು. ಅದರ ತುದಿಗೆ ಚಪ್ಪಟೆ ಹಲಗೆ. ಹಲಗೆಯ ಅಡಿಗೆ ಕುರಿಯುಣ್ಣೆಯ ಮೆತ್ತೆ. ಕೆಲವು ಕೋಲುಗಳಿಗೆ ಒಂದು ಚಿಕ್ಕ ಡಬ್ಬಿಯನ್ನೂ ಜೋಡಿಸಿರುತ್ತಾರೆ. ಮೇಲಿನ ಹಿಡಿಕೆ ಒತ್ತಿದರೆ ಡಬ್ಬಿಯ ಬಾಯಿ ತೆರೆದು ಮೆತ್ತೆಗೆ ನೀರಿನಂಥ ಮೇಣ ಇಳಿಯುತ್ತದೆ. ಕೈ ಬಿಟ್ಟರೆ ನಿಲ್ಲುತ್ತದೆ. ಕರೆಂಟ್ ಬೇಡ, ಮೋಟಾರ್ ಇಲ್ಲ. ನಿಂತುಕೊಂಡೇ ಇಡೀ ಕೋಣೆಯ ನೆಲಕ್ಕೆ ಮೇಣ ಹಚ್ಚಿ ಮುಗಿಸಬಹುದು.

ಇಷ್ಟು ಸಣ್ಣ ಸಾಮಾನಿಗೂ ಒಂದು ಇತಿಹಾಸ ಇದೆಯೇ ಎಂದು ನೀವು ಕೇಳಬಹುದು. ಇದೆ. 'ನಿಂತುಕೊಂಡೇ' ಎಂಬ ಆ ಒಂದು ಮಾತಿನಲ್ಲೇ ಇದೆ. ಅಂಗಳ, ಪಡಸಾಲೆ ಸಾರಿಸಿ ಬೆನ್ನು ಹಿಡಿದುಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊಳೆಯುವ ನೆಲ ನೋಡಿದವರು ಮನೆಯ ಯಜಮಾನನನ್ನು ಹೊಗಳುತ್ತಾರೆ. ಆ ಹೊಳಪಿಗಾಗಿ ಯಾರು ಬಗ್ಗಿದರು ಎಂದು ಕೇಳುವವರು ಕಡಿಮೆ. ಈ ಬಾರಿ ನಾವು ಅದನ್ನೇ ಕೇಳುತ್ತಿದ್ದೇವೆ.

ನೆಲಕ್ಕೆ ಮೇಣ ಯಾಕೆ ಬೇಕಾಯಿತು?

ಯುರೋಪಿನ ಚಳಿ ದೇಶಗಳಲ್ಲಿ ಮನೆಯ ನೆಲಕ್ಕೆ ಮರದ ಹಲಗೆ ಹಾಸುವ ರೂಢಿ. ಕಲ್ಲು ಕಾಲಿಗೆ ಕೊರೆಯುತ್ತದೆ, ಮರ ಅಷ್ಟು ಕೊರೆಯುವುದಿಲ್ಲ. ಆದರೆ ಮರಕ್ಕೆ ನೀರು ಶತ್ರು. ದಿನಾ ನೀರು ಹಾಕಿ ತೊಳೆದರೆ ಹಲಗೆ ಉಬ್ಬುತ್ತದೆ, ಸಂದಿ ಬಿಡುತ್ತದೆ, ಅಡಿಯ ತೊಲೆ ಕೊಳೆಯುತ್ತದೆ.

ಫ್ರಾನ್ಸಿನ ವರ್ಸೈ ಅರಮನೆಯಲ್ಲಿ ಆದದ್ದು ಕೇಳಿ. ಅಲ್ಲಿ ಮೊದಲು ಅಮೃತಶಿಲೆಯ ನೆಲ ಇತ್ತು. ಅದನ್ನು ತೊಳೆದ ನೀರು ಸಂದಿಯಲ್ಲಿ ಇಳಿದು ಅಡಿಯ ಮರದ ತೊಲೆಗಳನ್ನು ಕೊಳೆಸಿತು. 1684ರಲ್ಲಿ ಕಲ್ಲು ತೆಗೆದು ಮರದ ತುಂಡುಗಳನ್ನು ಚಿತ್ತಾರವಾಗಿ ಜೋಡಿಸಿದ ನೆಲ ಹಾಕಿದರು. ಇಂಥ ನೆಲಕ್ಕೆ 'ಪಾರ್ಕೆ' ಎಂದು ಹೆಸರು. ಶ್ರೀಮಂತರ ಮನೆಗಳಲ್ಲೆಲ್ಲ ಇದೇ ಫ್ಯಾಷನ್ ಆಯಿತು.

ತೊಳೆಯಲಾಗದ ನೆಲವನ್ನು ಶುಚಿಯಾಗಿ ಇಡುವುದು ಹೇಗೆ? ಮೇಣ ಹಚ್ಚಿ. ಜೇನುಮೇಣವನ್ನು ಟರ್ಪೆಂಟೈನ್‌ನಲ್ಲಿ ಕರಗಿಸಿದರೆ ಬೆಣ್ಣೆಯಂತೆ ಮೆತ್ತಗಾಗುತ್ತದೆ. ಅದನ್ನು ಹಚ್ಚಿದರೆ ಮರದ ಸಣ್ಣ ರಂಧ್ರಗಳು ಮುಚ್ಚುತ್ತವೆ, ದೂಳು ಒಳಗಿಳಿಯುವುದಿಲ್ಲ, ಚೆಲ್ಲಿದ ನೀರು ಮೇಲೆಯೇ ನಿಲ್ಲುತ್ತದೆ.

ನಮ್ಮ ಕಡೆಯ ಹಳೆಯ ಮನೆಗಳಲ್ಲಿ ರೆಡ್ ಆಕ್ಸೈಡ್ ನೆಲಕ್ಕೆ ಹಚ್ಚುತ್ತಿದ್ದ ಕೆಂಪು ಮ್ಯಾನ್ಷನ್ ಪಾಲಿಶ್ ಡಬ್ಬಿ ಕೆಲವರಿಗೆ ನೆನಪಿರಬಹುದು. ಅದೂ ಇದೇ ವಂಶದ್ದು. ಬಟ್ಟೆಯಲ್ಲಿ ಅದ್ದಿ ಹಚ್ಚಬೇಕು, ಆಮೇಲೆ ಇನ್ನೊಂದು ಬಟ್ಟೆಯಿಂದ ಉಜ್ಜಬೇಕು.

ಉಜ್ಜುವವರು

ಹಚ್ಚುವುದು ಸುಲಭ, ಉಜ್ಜುವುದು ಕಷ್ಟ. ಟರ್ಪೆಂಟೈನ್ ಆರಿದ ಮೇಲೆ ನೆಲದ ಮೇಲೆ ಉಳಿಯುವ ಮೇಣ ಮಂಕಾಗಿರುತ್ತದೆ. ತಿಕ್ಕಿ ತಿಕ್ಕಿ ಬಿಸಿಯೇರಿಸಿದಾಗ ಮಾತ್ರ ಅದು ನಯವಾಗಿ ಹೊಳೆಯುತ್ತದೆ.

ಫ್ರಾನ್ಸಿನಲ್ಲಿ ಇದಕ್ಕೆಂದೇ ಆಳುಗಳಿದ್ದರು. 'ಫ್ರೊತರ್' ಎಂದು ಕರೆಯುತ್ತಿದ್ದರು, ಎಂದರೆ ಉಜ್ಜುವವನು. ಕಾಲಿಗೆ ಬ್ರಷ್ ಕಟ್ಟಿಕೊಂಡು, ಕುಣಿಯುವವರ ಹಾಗೆ ಹಿಂದಕ್ಕೆ ಮುಂದಕ್ಕೆ ಜಾರುತ್ತ ಇಡೀ ಹಾಲ್ ಉಜ್ಜುವುದು ಅವರ ಕೆಲಸ. ನೋಡುವವರಿಗೆ ತಮಾಷೆ. ಮಾಡುವವರಿಗೆ ತೊಡೆ, ಸೊಂಟ ಎಲ್ಲ ನೋವು. ರಷ್ಯಾದ ದೊಡ್ಡ ಮನೆಗಳಲ್ಲೂ ಇಂಥ ಆಳುಗಳಿದ್ದರು.

ಇಂಗ್ಲೆಂಡಿನಲ್ಲಿ ಈ ಕೆಲಸ ಹೆಚ್ಚಾಗಿ ಮನೆಗೆಲಸದ ಹುಡುಗಿಯರ ಪಾಲಿಗೆ ಬಂತು. ಅವರು ಮೊಣಕಾಲೂರಿ ಕೂತು ಉಜ್ಜುತ್ತಿದ್ದರು. ವರ್ಷಗಟ್ಟಲೆ ಹೀಗೆ ಕೂತರೆ ಮೊಣಕಾಲ ಚಿಪ್ಪಿನ ಮುಂದಿರುವ ಸಣ್ಣ ಚೀಲದಲ್ಲಿ ನೀರು ತುಂಬಿ ಊದಿಕೊಳ್ಳುತ್ತದೆ. ಇಂಗ್ಲಿಷ್ ವೈದ್ಯರು ಆ ಊತಕ್ಕೆ ಇಟ್ಟ ಹೆಸರೇ 'ಮನೆಗೆಲಸದವಳ ಮೊಣಕಾಲು' ಎಂಬ ಅರ್ಥದ್ದು. ಇವತ್ತಿಗೂ ಆ ಹೆಸರು ಬಳಕೆಯಲ್ಲಿದೆ. ಹೊಳೆಯುವ ನೆಲ ಮನೆಯ ಯಜಮಾನನ ಅಂತಸ್ತಾಯಿತು. ನೆಲ ಉಜ್ಜಿದವಳ ಗುರುತು ಒಂದು ಕಾಯಿಲೆಯ ಹೆಸರಾಗಿ ಉಳಿಯಿತು.

ಬ್ರಿಟಿಷ್ ಸೈನಿಕರ ವಸತಿಗಳಲ್ಲಿ ಇನ್ನೊಂದು ಸಾಧನ ಇತ್ತು. ಉದ್ದ ಹಿಡಿಯ ತುದಿಗೆ ಭಾರವಾದ ಬ್ರಷ್. ಆ ಭಾರವನ್ನು ಹಿಂದೆ ಮುಂದೆ ತಳ್ಳುತ್ತ ನೆಲ ಹೊಳಪಾಗಿಸಬೇಕು. ಇದರಿಂದ ಮೊಣಕಾಲು ಉಳಿಯಿತು, ತೋಳು ಸೋತಿತು.

ನೆಲ ಮಾರುವವನು ಮೇಣ ಮಾರಿದ

ಈಗ ಕಥೆ ಅಮೆರಿಕಕ್ಕೆ ಹೋಗುತ್ತದೆ. ವಿಸ್ಕಾನ್ಸಿನ್ ರಾಜ್ಯದ ರೇಸಿನ್ ಎಂಬ ಊರು. ಅಲ್ಲಿ ಸ್ಯಾಮ್ಯುಯೆಲ್ ಕರ್ಟಿಸ್ ಜಾನ್ಸನ್ ಎಂಬಾತ ಒಂದು ಹಾರ್ಡ್‌ವೇರ್ ಕಂಪನಿಯ ಪರವಾಗಿ ಪಾರ್ಕೆ ನೆಲ ಮಾರುತ್ತಿದ್ದ. 1886ರಲ್ಲಿ ಆ ನೆಲದ ವ್ಯಾಪಾರವನ್ನೇ ಕೊಂಡುಕೊಂಡ. ಆಗ ಆತನಿಗೆ ಐವತ್ತು ದಾಟಿತ್ತು.

ನೆಲ ಕೊಂಡವರೆಲ್ಲ ಒಂದೇ ಪ್ರಶ್ನೆ ಕೇಳತೊಡಗಿದರು. "ಇದನ್ನು ಚೆನ್ನಾಗಿ ಇಟ್ಟುಕೊಳ್ಳುವುದು ಹೇಗೆ?" ಜಾನ್ಸನ್ ಯುರೋಪಿನ ಮೇಣದ ರೀತಿಯನ್ನು ನೋಡಿ ತಾನೇ ಮೇಣ ತಯಾರಿಸಿದ. 1888ರ ಹೊತ್ತಿಗೆ ಅದನ್ನು ಡಬ್ಬಿಯಲ್ಲಿ ಮಾರಲು ಶುರುಮಾಡಿದ. ಹತ್ತು ವರ್ಷ ಕಳೆಯುವುದರೊಳಗೆ ನೆಲಕ್ಕಿಂತ ಮೇಣದಂಥ ಸಾಮಾನುಗಳ ವ್ಯಾಪಾರವೇ ದೊಡ್ಡದಾಯಿತು. ಕೊನೆಗೆ ಆ ಕಂಪನಿ ನೆಲ ಮಾರುವುದನ್ನೇ ಬಿಟ್ಟಿತು. ನೆಲ ಒಮ್ಮೆ ಹಾಕಿದರೆ ಐವತ್ತು ವರ್ಷ ಬಾಳುತ್ತದೆ, ಮೇಣದ ಡಬ್ಬಿ ಆಗಾಗ ಖಾಲಿಯಾಗುತ್ತದೆ. ಟ್ರ್ಯಾಕ್ಟರ್ ಮಾರುವವರು ಬಿಡಿಭಾಗದಲ್ಲಿ ಕಾಸು ನೋಡುವ ಹಾಗೆ.

ಅದೇ ಕಾಲಕ್ಕೆ ಇನ್ನೊಂದು ಬದಲಾವಣೆ ಆಗುತ್ತಿತ್ತು. ಇಂಗ್ಲೆಂಡಿನ ಫ್ರೆಡರಿಕ್ ವಾಲ್ಟನ್ 1863ರಲ್ಲಿ ಲಿನೋಲಿಯಂ ಎಂಬ ಹಾಸಿಗೆ ಪೇಟೆಂಟ್ ಪಡೆದಿದ್ದ. ಗಟ್ಟಿಯಾಗಿಸಿದ ಅಗಸೆ ಎಣ್ಣೆಗೆ ಕಾರ್ಕ್ ಪುಡಿ ಬೆರೆಸಿ ಬಟ್ಟೆಯ ಮೇಲೆ ಹರಡಿದ ಹಾಸು ಅದು. ಬೆಲೆ ಕಡಿಮೆ. ಸಾಧಾರಣ ಜನರ ಅಡುಗೆಮನೆಗೂ ಬಂತು. ಅದಕ್ಕೂ ಮೇಣ ಬೇಕಿತ್ತು. ಹಾಗಾಗಿ ಅರಮನೆಯ ಹೊಳಪು ಬಡಾವಣೆಯ ಮನೆಗೂ ಬಂತು. ಅರಮನೆಯಲ್ಲಿದ್ದ ಆಳುಗಳು ಮಾತ್ರ ಜತೆಗೆ ಬರಲಿಲ್ಲ. ಮನೆಯೊಡತಿಯೇ ಮೊಣಕಾಲೂರಬೇಕಾಯಿತು.

ಉಜ್ಜಬೇಕಿಲ್ಲದ ಮೇಣ

1932ರಲ್ಲಿ ಜಾನ್ಸನ್ ಕಂಪನಿ 'ಗ್ಲೋ-ಕೋಟ್' ಎಂಬ ಹೊಸ ಮೇಣ ತಂದಿತು. ಆಗ ಅಮೆರಿಕದಲ್ಲಿ ಭಾರಿ ಆರ್ಥಿಕ ಕುಸಿತ, ಊರೂರಲ್ಲಿ ಕೆಲಸ ಕಳೆದುಕೊಂಡವರು. ಅಂಥ ಕಾಲದಲ್ಲೂ ಈ ಮೇಣ ಚೆನ್ನಾಗಿ ಮಾರಾಟವಾಯಿತು. ಕಾರಣ, ಇದನ್ನು ಉಜ್ಜಬೇಕಿರಲಿಲ್ಲ.

ಹೇಗೆ? ಮೇಣ ನೀರಿನಲ್ಲಿ ಕರಗುವುದಿಲ್ಲ. ಆದರೆ ಸೋಪಿನಂಥ ವಸ್ತು ಸೇರಿಸಿ ಚೆನ್ನಾಗಿ ಕಲಸಿದರೆ ಅತಿ ಸಣ್ಣ ಕಣಗಳಾಗಿ ನೀರಿನಲ್ಲಿ ತೇಲುತ್ತದೆ, ಹಾಲಿನಲ್ಲಿ ಕೊಬ್ಬು ಇರುವ ಹಾಗೆ. ಇದನ್ನು ತೆಳುವಾಗಿ ಹಚ್ಚಿದರೆ ನೀರು ಆರಿಹೋಗಿ ಮೇಣದ ಕಣಗಳು ಒಂದಕ್ಕೊಂದು ಅಂಟಿ ನಯವಾದ ಪದರ ಆಗುತ್ತದೆ. ಉಜ್ಜದೆಯೇ ಹೊಳೆಯುತ್ತದೆ. ಬರೀ ಮರದ ನೆಲಕ್ಕೆ ಇದು ಅಷ್ಟು ಒಳ್ಳೆಯದಲ್ಲ, ನೀರು ಇದೆಯಲ್ಲ. ಲಿನೋಲಿಯಂ, ರಬ್ಬರ್ ಹಾಸುಗಳಿಗೆ ಹೇಳಿ ಮಾಡಿಸಿದ್ದು. ಟರ್ಪೆಂಟೈನ್ ಬೆರೆತ ಹಳೆಯ ಮೇಣ ರಬ್ಬರನ್ನು ಮೆತ್ತಗಾಗಿಸಿ ಕೆಡಿಸುತ್ತಿತ್ತು.

ನಮ್ಮ ಕೋಲಿಗೆ ಬೆಲೆ ಬಂದದ್ದು ಇಲ್ಲಿಂದ. ಗಟ್ಟಿ ಮೇಣವನ್ನು ಬಟ್ಟೆಯಲ್ಲಿ ತೆಗೆದು ಬಗ್ಗಿಯೇ ಹಚ್ಚಬೇಕು. ನೀರಿನಂಥ ಮೇಣವಾದರೆ ಕೋಲಿನ ತುದಿಯಿಂದಲೂ ಹಚ್ಚಬಹುದು. ಆದರೆ ಸಿಕ್ಕ ಕಡೆ ಸುರಿದರೆ ನಡೆಯುವುದಿಲ್ಲ. ದಪ್ಪವಾದರೆ ಅಂಟುತ್ತದೆ, ಒಂದೇ ಜಾಗದಲ್ಲಿ ತಿರುತಿರುಗಿ ತಿಕ್ಕಿದರೆ ನೊರೆ ಬಂದು ಗೆರೆ ಉಳಿಯುತ್ತದೆ. ಅದಕ್ಕೇ ಚಪ್ಪಟೆ ಹಲಗೆ, ಮೆತ್ತನೆಯ ಉಣ್ಣೆ. ಉಣ್ಣೆ ಮೇಣವನ್ನು ಹೀರಿಟ್ಟುಕೊಂಡು ಸ್ವಲ್ಪ ಸ್ವಲ್ಪವೇ ಬಿಡುತ್ತದೆ. ಹಿಡಿಕೆ ಒತ್ತಿದಷ್ಟೇ ಮೇಣ ಇಳಿಯುವ ಡಬ್ಬಿಯೂ ಇದೇ ಕಾರಣಕ್ಕೆ.

ಹಚ್ಚುವ ಕ್ರಮ ನಿಮಗೆ ಗೊತ್ತಿರುವುದೇ. ಸೆಗಣಿ ಸಾರಿಸುವಾಗ ಒಳಗಿನ ಮೂಲೆಯಿಂದ ಶುರುಮಾಡಿ ಬಾಗಿಲ ಕಡೆಗೆ ಹಿಂದೆ ಹಿಂದೆ ಸರಿಯುತ್ತಾರಲ್ಲ, ಹಾಗೆಯೇ. ಇಲ್ಲದಿದ್ದರೆ ಹಚ್ಚಿದವರೇ ಮೂಲೆಯಲ್ಲಿ ಸಿಕ್ಕಿಕೊಳ್ಳುತ್ತಾರೆ.

ವಿದ್ಯುತ್ತಿನಿಂದ ನೆಲ ಉಜ್ಜುವ ಯಂತ್ರಗಳು 1920ರ ದಶಕದಲ್ಲೇ ಬಂದಿದ್ದವು. ಆದರೆ 1930ರ ದಶಕದ ನಡುವಿನಲ್ಲಿ ಅಮೆರಿಕದ ಹತ್ತು ರೈತರ ಮನೆಗಳಲ್ಲಿ ಸುಮಾರು ಒಂಬತ್ತಕ್ಕೆ ಕರೆಂಟೇ ಇರಲಿಲ್ಲ. ಹಳ್ಳಿಗಳಿಗೆ ವಿದ್ಯುತ್ ಕೊಡಲು ಅಲ್ಲಿನ ಸರ್ಕಾರ ಪ್ರತ್ಯೇಕ ಇಲಾಖೆ ಮಾಡಿದ್ದು 1935ರಲ್ಲಿ. ಅಂಥ ಮನೆಗಳಿಗೆ ಪ್ಲಗ್ ಬೇಡದ ಕೋಲು, ಉಜ್ಜಬೇಕಿಲ್ಲದ ಮೇಣ ಒಂದಕ್ಕೊಂದು ಸರಿಹೊಂದಿದವು.

ಮೇಣ ಕೊಟ್ಟ ಮರ, ಮರ ಹತ್ತಿರದವರು

ಈ ಹೊಳಪಿನ ಮೂಲ ಅಮೆರಿಕದಲ್ಲಿ ಇರಲಿಲ್ಲ. ಬ್ರೆಜಿಲ್‌ನ ಈಶಾನ್ಯದ ಒಣನಾಡಿನಲ್ಲಿ, ಸಿಯಾರಾ, ಪಿಯಾವಿ ರಾಜ್ಯಗಳಲ್ಲಿ, ಕಾರ್ನೌಬಾ ಎಂಬ ಮರ ಬೆಳೆಯುತ್ತದೆ. ನಮ್ಮ ತಾಳೆಮರದಂತೆ ಬೀಸಣಿಗೆಯ ಗರಿ. ಬಿಸಿಲಿಗೆ ನೀರು ಆರದಿರಲಿ ಎಂದು ಆ ಗರಿ ತನ್ನ ಮೇಲೆ ತಾನೇ ಮೇಣ ಹೊದ್ದುಕೊಳ್ಳುತ್ತದೆ. ಜೇನುಮೇಣ ಸುಮಾರು 63 ಡಿಗ್ರಿಗೆ ಕರಗಿದರೆ, ಇದು ಕರಗಲು 80 ಡಿಗ್ರಿ ದಾಟಬೇಕು. ಅಷ್ಟು ಗಟ್ಟಿ. ಅದಕ್ಕೇ ಗಟ್ಟಿ ಹೊಳಪು.

1935ರಲ್ಲಿ ಸ್ಯಾಮ್ಯುಯೆಲ್ ಜಾನ್ಸನ್‌ನ ಮೊಮ್ಮಗ ಎಚ್.ಎಫ್. ಜಾನ್ಸನ್, ನೀರಿನ ಮೇಲೂ ಇಳಿಯಬಲ್ಲ ಒಂದು ವಿಮಾನದಲ್ಲಿ ರೇಸಿನ್‌ನಿಂದ ಬ್ರೆಜಿಲ್‌ನ ಫೋರ್ಟಲೇಜಾವರೆಗೆ ಹೋದ. ಈ ಮರಗಳು ಮುಂದೆಯೂ ಬೇಕಾದಷ್ಟು ಮೇಣ ಕೊಡುತ್ತವೆಯೇ ಎಂದು ನೋಡುವುದು ಉದ್ದೇಶ. ಆ ಪ್ರಯಾಣದ ಬಗ್ಗೆ ಕಂಪನಿ ಇಂದಿಗೂ ಹೆಮ್ಮೆಯಿಂದ ಹೇಳಿಕೊಳ್ಳುತ್ತದೆ. 1998ರಲ್ಲಿ ಆತನ ಮಗ ಅದೇ ಮಾದರಿಯ ವಿಮಾನ ಕಟ್ಟಿಸಿ ಅದೇ ದಾರಿಯಲ್ಲಿ ಮತ್ತೆ ಹಾರಿದ.

ಮರದ ಬುಡದಲ್ಲಿ ನಿಂತವರ ಕಥೆ ಬೇರೆ. ಉದ್ದನೆಯ ಗಳುವಿನ ತುದಿಗೆ ಕುಡುಗೋಲು ಕಟ್ಟಿ, ತಲೆ ಮೇಲೆತ್ತಿ, ಸುಡುಬಿಸಿಲಿನಲ್ಲಿ ಗರಿ ಕೊಯ್ಯಬೇಕು. ಒಣಗಿಸಬೇಕು. ಬಡಿದು ಪುಡಿ ಉದುರಿಸಬೇಕು. ಆ ಪುಡಿ ಕಣ್ಣಿಗೂ ಮೂಗಿಗೂ ಹೋಗುತ್ತದೆ. ಇತ್ತೀಚಿನ ವರ್ಷಗಳಲ್ಲೂ ಬ್ರೆಜಿಲ್‌ನ ಕಾರ್ಮಿಕ ತಪಾಸಣೆ ಅಧಿಕಾರಿಗಳು ಕಾರ್ನೌಬಾ ಕೆಲಸದ ಜಾಗಗಳಿಂದ ಜೀತದಂಥ ಸ್ಥಿತಿಯಲ್ಲಿದ್ದ ಕೂಲಿಗಳನ್ನು ಬಿಡಿಸಿದ್ದಾರೆ. ಅಲ್ಲೊಬ್ಬಳು ಬಗ್ಗುವುದು ತಪ್ಪಿತು, ಇಲ್ಲೊಬ್ಬನ ಕತ್ತು ಮೇಲೆತ್ತಿಯೇ ಉಳಿಯಿತು.

ಕೋಲು ಬಂತು, ಕೆಲಸ ತಗ್ಗಿತೇ?

ಅಮೆರಿಕದ ಇತಿಹಾಸಕಾರ್ತಿ ರೂತ್ ಶ್ವಾರ್ಟ್ಜ್ ಕೋವನ್ 1983ರಲ್ಲಿ ಮನೆಗೆಲಸದ ಯಂತ್ರಗಳ ಬಗ್ಗೆ ಒಂದು ಪುಸ್ತಕ ಬರೆದರು. ಅವರ ವಾದ ಇದು: ಒಂದೊಂದು ಸಾಧನ ಬಂದಾಗಲೂ ಕೆಲಸದ ಭಾರ ಇಳಿಯಿತು, ಆದರೆ ಮನೆಯೊಡತಿ ದುಡಿಯುವ ಗಂಟೆಗಳು ಇಳಿಯಲಿಲ್ಲ. ಸಲೀಸಾದ ಕೆಲಸವನ್ನು ಹೆಚ್ಚು ಸಲ ಮಾಡಬೇಕಾಯಿತು. ಮೊದಲು ಕೈಜೋಡಿಸುತ್ತಿದ್ದ ಗಂಡಸರು, ಮಕ್ಕಳು, ಆಳುಗಳು ದೂರ ಸರಿದರು. ಎಲ್ಲ ಒಬ್ಬಳ ಪಾಲಾಯಿತು.

ಮೇಣದ ಕೋಲಿಗೂ ಈ ಮಾತು ಸಲ್ಲುತ್ತದೆ. 1935ರಿಂದ ಜಾನ್ಸನ್ ಕಂಪನಿ 'ಫಿಬ್ಬರ್ ಮಗೀ ಅಂಡ್ ಮಾಲಿ' ಎಂಬ ಹಾಸ್ಯದ ರೇಡಿಯೋ ಕಾರ್ಯಕ್ರಮದ ಪ್ರಾಯೋಜಕ ಆಯಿತು. ನಗುವಿನ ನಡುವೆ ಹೊಳೆಯುವ ಅಡುಗೆಮನೆಯ ಮಾತು ವಾರವಾರ ಮನೆಯೊಳಕ್ಕೆ ಬಂತು. ನೆಲ ಹೊಳೆಯದಿದ್ದರೆ ಏನೋ ಕೊರತೆ ಎಂಬ ಭಾವನೆ ಬೆಳೆಯಿತು.

ಇನ್ನೊಂದು ತೊಡಕೂ ಇತ್ತು. ಪದರದ ಮೇಲೆ ಪದರ ಹಚ್ಚುತ್ತ ಹೋದರೆ ಹಳೆಯ ಮೇಣ ಹಳದಿಯಾಗುತ್ತದೆ, ಮೂಲೆಗಳಲ್ಲಿ ಕೂಡಿಕೊಳ್ಳುತ್ತದೆ. ಅದನ್ನು ತೆಗೆಯಲು ಅಮೋನಿಯಾ ಬೆರೆಸಿದ ನೀರು ಹಾಕಿ ಗಟ್ಟಿಯಾಗಿ ತಿಕ್ಕಬೇಕು. ಅದಕ್ಕೆ ಮತ್ತೆ ಮೊಣಕಾಲೂರಬೇಕು.

ಆದರೂ ಕೋಲು ಏನೂ ಮಾಡಲಿಲ್ಲ ಎನ್ನಲಾಗದು. ವಾರಕ್ಕೊಮ್ಮೆ ಮೊಣಕಾಲ ಮೇಲೆ ತೆವಳುವುದಕ್ಕೂ, ನಾಲ್ಕಾರು ತಿಂಗಳಿಗೊಮ್ಮೆ ತೆವಳುವುದಕ್ಕೂ ವ್ಯತ್ಯಾಸ ಇದೆ. ಅದರ ಬೆಲೆ ಗೊತ್ತಿರುವುದು ತೆವಳಿದವರಿಗೆ.

ಈಗ ಆ ಕೋಲು ಎಲ್ಲಿದೆ?

1950ರ ನಂತರ ಮರದ ಮೇಣದ ಜಾಗಕ್ಕೆ ಪ್ಲಾಸ್ಟಿಕ್ ಜಾತಿಯ ಪಾಲಿಶ್‌ಗಳು ಬಂದವು. 1970ರ ದಶಕದಲ್ಲಿ ಮೇಣವೇ ಬೇಡದ ವಿನೈಲ್ ಹಾಸುಗಳು ಬಂದವು. ಮನೆಗಳಲ್ಲಿ ಮೇಣದ ಕೋಲು ಮೂಲೆ ಸೇರಿತು. ಆಸ್ಪತ್ರೆ, ಶಾಲೆ, ದೊಡ್ಡ ಅಂಗಡಿಗಳ ನೆಲಕ್ಕೆ ಅಂಥ ಚಪ್ಪಟೆ ಮೆತ್ತೆಯ ಕೋಲುಗಳನ್ನು ಇಂದಿಗೂ ಬಳಸುತ್ತಾರೆ. ನಮ್ಮ ಪೇಟೆಗಳಲ್ಲಿ ಈಗ ಸಿಗುವ ಸ್ಪ್ರೇ ಮಾಪ್ ನೋಡಿ. ಉದ್ದ ಹಿಡಿ, ಚಪ್ಪಟೆ ಮೆತ್ತೆ, ಒಂದು ಬಾಟಲಿ, ಒತ್ತಲು ಒಂದು ಹಿಡಿಕೆ. ಮೇಣದ ಬದಲು ಫಿನಾಯಿಲ್ ನೀರು, ಅಷ್ಟೇ.

ನಮ್ಮ ಹಳ್ಳಿಗಳ ಎಷ್ಟೋ ಮನೆಗಳಲ್ಲಿ ಈಗ ಟೈಲ್ಸ್ ಬಂದಿದೆ. ಸೆಗಣಿ ಸಾರಿಸುವ ಕೆಲಸ ಹೋಯಿತು. ಆದರೆ ಟೈಲ್ಸ್ ಮೇಲೆ ಒಂದು ಹೆಜ್ಜೆ ಗುರುತೂ ಎದ್ದು ಕಾಣುತ್ತದೆ. ಸಾರಿಸುವುದು ವಾರಕ್ಕೊಮ್ಮೆ ಇದ್ದ ಮನೆಯಲ್ಲೂ ಒರೆಸುವುದು ದಿನಕ್ಕೆ ಎರಡು ಸಲ ಆಯಿತು. ಎಷ್ಟೋ ಮನೆಗಳಲ್ಲಿ ಇನ್ನೂ ಕುಕ್ಕರಗಾಲಲ್ಲಿ ಕೂತು, ಹಳೆಯ ಬಟ್ಟೆ ಹಿಡಿದು ಒರೆಸುತ್ತಾರೆ. ಟೈಲ್ಸ್‌ಗೆ ಸಾವಿರಾರು ರೂಪಾಯಿ ಸುರಿದ ಮನೆಯಲ್ಲೇ ಒಂದು ಕೋಲು ಕೊಳ್ಳಲು ಹಿಂದೆಮುಂದೆ ನೋಡುತ್ತಾರೆ.

ನಾವು ಈ ಕಥೆಯಿಂದ ಕಲಿತದ್ದು ಎರಡೇ ಮಾತು. ಒಂದು, ನೆಲ ಒರೆಸುವವರ ಎದೆಮಟ್ಟಕ್ಕೆ ಬರುವ ಕೋಲು ಮನೆಗೆ ತನ್ನಿ. ಗಿಡ್ಡ ಕೋಲು ಹಿಡಿದರೆ ಬೆನ್ನು ಮತ್ತೆ ಬಾಗುತ್ತದೆ. ಎರಡು, ಆ ಕೋಲನ್ನು ದಿನಾ ಒಬ್ಬರ ಕೈಗೇ ಕೊಡಬೇಡಿ. ನಿಂತು ಮಾಡುವ ಕೆಲಸವನ್ನು ಮನೆಯ ಯಾರು ಬೇಕಾದರೂ ಮಾಡಬಹುದು.